ಬೆಣೆ ಕಿತ್ತವರು ಯಾರು? ಟೇಬಲ್ ಸಾ, ಕಿಕ್‌ಬ್ಯಾಕ್ ಮತ್ತು ಒಂದು ಉಕ್ಕಿನ ತಗಡಿನ ಚರಿತ್ರೆ

ಈ ವಾರದ ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನೋರಿಗೆ ಎಂದಿನಂತೆ ಇದು ಬರಹದ ರೂಪ. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಹೋದ ವರ್ಷ ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಮರಗೆಲಸ ನಡೀತಿತ್ತು. ವಾರ್ಡ್‌ರೋಬು, ಒಂದು ಪುಸ್ತಕದ ಕಪಾಟು, ಅಷ್ಟೇ. ಮಿಸ್ತ್ರಿ ರಾಜಸ್ಥಾನದವರು, ಐವತ್ತರ ಆಸುಪಾಸು. ಅವರ ಹತ್ತಿರ ಟೇಬಲ್ ಸಾ ಅಂತ ಇದ್ದಿದ್ದು ಒಂದು ಪ್ಲೈವುಡ್ ಡಬ್ಬ. ಅದರ ಅಡಿಯಲ್ಲಿ ಕಟ್ಟರ್ ಮಷಿನ್ ಅನ್ನು ತಲೆಕೆಳಗಾಗಿ ಸ್ಕ್ರೂ ಹಾಕಿ ಕೂರಿಸಿದ್ದರು. ಬ್ಲೇಡು ಮೇಲಿನ ಸೀಳಿನಿಂದ ಹೊರಗೆ ಇಣುಕುತ್ತಿತ್ತು. ಸ್ವಿಚ್ಚು ಒತ್ತಿಯೇ ಇರಲಿ ಅಂತ ಅದಕ್ಕೆ ಟೇಪು ಸುತ್ತಿದ್ದರು. ಆನ್ ಆಫ್ ಎಲ್ಲಾ ಗೋಡೆಯ ಪ್ಲಗ್ಗಿನಲ್ಲೇ.

ಒಂದು ಮಧ್ಯಾಹ್ನ ನಾನು ಮೀಟಿಂಗ್ ಮುಗಿಸಿ ಚಹಾ ಹಿಡಿದು ಅವರ ಎದುರು ಹೋಗಿ ನಿಂತೆ. ಸಾಗುವಾನಿ ಹಲಗೆಯಿಂದ ಬೀಡಿಂಗ್ ಪಟ್ಟಿ ಸೀಳ್ತಿದ್ದರು. ಮಷಿನ್ನಿನ ಶಬ್ದ ಒಮ್ಮೆಲೇ ಬದಲಾಯಿತು, ಟಪ್ ಅಂತ ಒಂದು ಸದ್ದು. ಅವರ ಕೈಯಲ್ಲಿದ್ದ ಹಲಗೆ ಅಲ್ಲಿ ಇರಲೇ ಇಲ್ಲ. ಅವರ ಸೊಂಟದ ಪಕ್ಕದಿಂದ ಹಾದುಹೋಗಿ ಹಿಂದಿನ ಗೋಡೆಗೆ ಬಡಿದು, ಪ್ಲಾಸ್ಟರಿನಲ್ಲಿ ಕಾಲು ಇಂಚು ಗುಂಡಿ ಬಿದ್ದಿತ್ತು. ಅವರು ಹಿಂದೆ ತಿರುಗಿ ಕೂಡ ನೋಡಲಿಲ್ಲ. "ಕಭೀ ಕಭೀ ಲಕಡಿ ಫೇಂಕ್‌ತಾ ಹೈ, ಸರ್" ಅಂದರು. ಒಂದೊಂದ್ಸಲ ಮರ ಎಸೆಯುತ್ತೆ, ಅಷ್ಟೇ. ಆಗಲೇ ನಾನು ಗಮನಿಸಿದ್ದು, ಅವರ ಎಡಗೈ ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಕೇಳಿದ್ದಕ್ಕೆ, "ನನ್ನದೇ ತಪ್ಪು, ಗಮನ ಬೇರೆ ಕಡೆ ಇತ್ತು" ಅಂದರು.

ಈ "ನನ್ನದೇ ತಪ್ಪು" ಅನ್ನೋ ಮಾತು ನನ್ನ ತಲೆಯಲ್ಲಿ ಉಳಿದುಬಿಡ್ತು. ಸಾಫ್ಟ್‌ವೇರ್‌ನಲ್ಲಿ ಒಂದೇ ತಪ್ಪನ್ನು ಸಾವಿರ ಜನ ಬಳಕೆದಾರರು ಮಾಡಿದರೆ ನಾವು ಅವರನ್ನು ಬೈಯಲ್ಲ, ನಮ್ಮ ವಿನ್ಯಾಸವನ್ನು ನೋಡ್ತೀವಿ. ಕನಿಷ್ಠ ನೋಡಬೇಕು. ಹಾಗಾದರೆ ಮರ ಎಸೆಯುವ ಈ ಯಂತ್ರದ ವಿನ್ಯಾಸದ ಕಥೆ ಏನು ಅಂತ ಹುಡುಕುತ್ತಾ ಹೋದೆ.

ಮೊದಲು ಕೋತಿಯ ಕಥೆ

ಶುರು ಮಾಡಬೇಕಾದ್ದು ನಿಮಗೆಲ್ಲಾ ಗೊತ್ತಿರುವ ಕಥೆಯಿಂದ. ಪಂಚತಂತ್ರದ ಕೋತಿ. ದೇವಸ್ಥಾನ ಕಟ್ಟುವ ಕಡೆ ಬಡಗಿಗಳು ಒಂದು ದಿಮ್ಮಿಯನ್ನು ಅರ್ಧ ಕೊಯ್ದು, ಸೀಳಿನಲ್ಲಿ ಬೆಣೆ ಹೊಡೆದು ಊಟಕ್ಕೆ ಹೋಗ್ತಾರೆ. ಕೋತಿ ಬಂದು ದಿಮ್ಮಿಯ ಮೇಲೆ ಕೂತು ಬೆಣೆ ಕೀಳುತ್ತೆ. ಸೀಳು ಮುಚ್ಚಿಕೊಳ್ಳುತ್ತೆ, ಕೋತಿ ಸಾಯುತ್ತೆ. ನಮಗೆ ಹೇಳಿಕೊಟ್ಟ ನೀತಿ: ತನಗೆ ಸಂಬಂಧವಿಲ್ಲದ ಕೆಲಸಕ್ಕೆ ಕೈ ಹಾಕಬಾರದು.

ಚಿಕ್ಕವನಿದ್ದಾಗ ನಾನು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಬಡಗಿಗಳು ಅಲ್ಲಿ ಬೆಣೆ ಯಾಕೆ ಹೊಡೆದಿದ್ದರು?

ಮರ ಅನ್ನೋದು ಕಬ್ಬಿಣದ ಹಾಗೆ ಸುಮ್ಮನೆ ಕೂರುವ ವಸ್ತುವಲ್ಲ. ಬೆಳೆಯುವಾಗ ಓರೆಯಾಗಿ ನಿಂತಿದ್ದರೆ, ಒಣಗುವಾಗ ಹೊರಭಾಗ ಬೇಗ ಒಳಭಾಗ ನಿಧಾನ ಒಣಗಿದರೆ, ಎಳೆಗಳ ಒಳಗೆ ಬಿಗಿತ ಉಳಿದಿರುತ್ತೆ. ಗರಗಸ ಹಾಕಿ ಸೀಳಿದ ತಕ್ಷಣ ಆ ಬಿಗಿತ ಬಿಡುಗಡೆಯಾಗಿ ಎರಡು ಹೋಳುಗಳೂ ಬಾಗುತ್ತವೆ. ಕೆಲವು ಸಲ ಹೊರಗೆ, ಕೆಲವು ಸಲ ಒಳಗೆ. ಒಳಗೆ ಬಾಗಿದರೆ ಸೀಳು ಮುಚ್ಚಿ ಗರಗಸವನ್ನು ಕಚ್ಚಿ ಹಿಡಿಯುತ್ತೆ. ದಿಮ್ಮಿಯ ಮೇಲೊಬ್ಬ ಕೆಳಗೊಬ್ಬ ನಿಂತು ಮರ ಕೊಯ್ಯುತ್ತಿದ್ದ ಕಾಲದಲ್ಲಿ ಇದಕ್ಕೆ ಪರಿಹಾರ ಸರಳ. ಕೊಯ್ಯುತ್ತಾ ಮುಂದೆ ಹೋದ ಹಾಗೆ ಹಿಂದೆ ಬೆಣೆ ಹೊಡೆಯೋದು. ಅಂದರೆ ಸೀಳು ಮುಚ್ಚಿಕೊಳ್ಳುತ್ತೆ ಅನ್ನೋದು ಒಂದು ಮಕ್ಕಳ ಕಥೆಗೆ ಆಧಾರವಾಗುವಷ್ಟು ಜನಜನಿತವಾದ ವಿದ್ಯೆ ಆಗಿತ್ತು.

ಗರಗಸ ಗುಂಡಗಾದಾಗ

ಕೈಗರಗಸ ಸಿಕ್ಕಿಹಾಕಿಕೊಂಡರೆ ನಿಂತುಬಿಡುತ್ತೆ, ಬೈದುಕೊಂಡು ಎಳೀತೀವಿ. ಚಕ್ರದ ಹಾಗೆ ತಿರುಗುವ ಗರಗಸ ಸಿಕ್ಕಿಹಾಕಿಕೊಂಡರೆ ಏನಾಗುತ್ತೆ?

ಟೇಬಲ್ ಸಾ ಬ್ಲೇಡನ್ನು ಪಕ್ಕದಿಂದ ಊಹಿಸಿಕೊಳ್ಳಿ. ನಿಮ್ಮ ಕಡೆ ಇರುವ ಹಲ್ಲುಗಳು ಕೆಳಗೆ ಇಳಿಯುತ್ತಿರುತ್ತವೆ, ಹಾಗಾಗಿ ಹಲಗೆಯನ್ನು ಟೇಬಲ್ಲಿಗೆ ಒತ್ತಿ ಹಿಡಿಯುತ್ತವೆ. ಇದು ಒಳ್ಳೆಯದೇ. ಆದರೆ ಆ ತುದಿಯಲ್ಲಿ, ಬ್ಲೇಡಿನ ಬೆನ್ನಿನಲ್ಲಿ, ಹಲ್ಲುಗಳು ಮೇಲಕ್ಕೆ ಏರುತ್ತಾ ನಿಮ್ಮ ಕಡೆಗೇ ತಿರುಗಿ ಬರುತ್ತಿರುತ್ತವೆ. ಕತ್ತರಿಸಿದ ಸೀಳು ಮುಚ್ಚಿಕೊಂಡು ಆ ಹಿಂದಿನ ಹಲ್ಲುಗಳಿಗೆ ತಾಗಿದರೆ, ಅವು ಹಲಗೆಯನ್ನು ಎತ್ತಿ, ಬ್ಲೇಡಿನ ಮೇಲಿಂದ, ನಿಮ್ಮ ಹೊಟ್ಟೆಗೆ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ನಮ್ಮ ಪತ್ರಿಕೆಗಳಲ್ಲಿ ಬರುವ ಕಿಕ್‌ಬ್ಯಾಕ್ ಬೇರೆ, ಅದರಲ್ಲಿ ಪೆಟ್ಟು ಬೀಳೋದು ಖಜಾನೆಗೆ.

ಎಷ್ಟು ವೇಗ? 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ 190 ಕಿಲೋಮೀಟರ್. ಇನ್ನು ನಮ್ಮ ಮಿಸ್ತ್ರಿಯ ಡಬ್ಬದೊಳಗಿದ್ದ 110 ಮಿಲಿಮೀಟರಿನ ಕಟ್ಟರ್ ನಿಮಿಷಕ್ಕೆ 12,000 ಸುತ್ತಿನಷ್ಟು ತಿರುಗುತ್ತೆ. ಲೆಕ್ಕ ಹಾಕಿ ನೋಡಿ, ಗಂಟೆಗೆ ಸುಮಾರು 250 ಕಿಲೋಮೀಟರ್. ಚಿಕ್ಕ ಬ್ಲೇಡು, ಚಿಕ್ಕ ಅಪಾಯ ಅಂದುಕೊಂಡಿದ್ದೆ ನಾನು.

ಸೀಳು ಮುಚ್ಚಿಕೊಳ್ಳೋದು ಒಂದು ಕಾರಣ. ಎರಡನೆಯದು ಹಲಗೆ ತಿರುಗೋದು. ಪಕ್ಕದಲ್ಲಿ ನೇರ ಹಿಡಿಯಲು ಇರುವ ಪಟ್ಟಿಗೆ ಫೆನ್ಸ್ ಅಂತಾರೆ. ತಳ್ಳುವಾಗ ಹಲಗೆಯ ಹಿಂಭಾಗ ಫೆನ್ಸಿನಿಂದ ಸ್ವಲ್ಪ ಸರಿದರೂ ಅದು ಓರೆಯಾಗಿ ಬ್ಲೇಡಿನ ಬೆನ್ನಿಗೆ ತಾಗುತ್ತೆ. ಪ್ಲೈವುಡ್ಡಿನಲ್ಲಿ ಒಳಬಿಗಿತ ಕಡಿಮೆ ಇರೋದರಿಂದ ಅಲ್ಲಿ ಆಗುವ ಕಿಕ್‌ಬ್ಯಾಕ್ ಹೆಚ್ಚಾಗಿ ಈ ಜಾತಿಯದ್ದು. ಇದರಲ್ಲಿ ಇನ್ನೊಂದು ಕ್ರೂರ ಸಂಗತಿ ಇದೆ. ಹಲಗೆ ತಿರುಗಿ ಹಾರುವಾಗ ಅದನ್ನು ಒತ್ತಿ ಹಿಡಿದ ಕೈಯೂ ಅದರ ಜೊತೆಗೇ ಹೋಗುತ್ತೆ. ಕೈ ಇದ್ದದ್ದು ಬ್ಲೇಡಿನಿಂದ ದೂರದಲ್ಲೇ, ಆದರೂ ಬೆರಳು ಹೋಯಿತು ಅನ್ನುವವರ ಕಥೆ ಇದು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ. ಅಂಥ ಹೊತ್ತಿನಲ್ಲಿ "ಗಮನ" ಏನು ಮಾಡೀತು?

ಸೌತಾಂಪ್ಟನ್, ಪೋರ್ಟ್ಸ್‌ಮತ್

ಈ ಗುಂಡನೆಯ ಗರಗಸ ಬಂದಿದ್ದು ಎಲ್ಲಿಂದ? ಕಾಗದದ ಮೇಲೆ ಸಿಗುವ ಹಳೆಯ ದಾಖಲೆಗಳಲ್ಲಿ ಒಂದು 1777ರದ್ದು. ಇಂಗ್ಲೆಂಡಿನ ಸೌತಾಂಪ್ಟನ್‌ನ ಸ್ಯಾಮ್ಯುಯೆಲ್ ಮಿಲ್ಲರ್ ಅನ್ನುವವರಿಗೆ ಸಿಕ್ಕ ಪೇಟೆಂಟು. ಅದು ಗರಗಸದ ಯಂತ್ರಕ್ಕೆ ಕೊಟ್ಟದ್ದು. ಗುಂಡನೆಯ ಬ್ಲೇಡನ್ನು ತಾನೇ ಕಂಡುಹಿಡಿದೆ ಅಂತ ಅವರು ಅದರಲ್ಲಿ ಹೇಳಿಕೊಂಡಿಲ್ಲ, ಅದು ಆಗಲೇ ಇದ್ದ ವಸ್ತು ಅನ್ನುವ ಧಾಟಿಯಲ್ಲಿದೆ. ಅದೇ ಊರಿನಲ್ಲಿ ವಾಲ್ಟರ್ ಟೇಲರ್ ಅನ್ನುವವರು ಬ್ರಿಟಿಷ್ ನೌಕಾಪಡೆಗೆ ಹಾಯಿಹಗ್ಗದ ರಾಟೆಗಳನ್ನು ಮಾಡಿಕೊಡುತ್ತಿದ್ದರು. ಅವರ ಕಾರ್ಖಾನೆಯಲ್ಲೂ ಗುಂಡನೆಯ ಗರಗಸಗಳಿದ್ದವು.

ಅಮೆರಿಕಾದ ಕಡೆಯಿಂದ ಇನ್ನೊಂದು ಕಥೆ ನಿಮ್ಮ ವಾಟ್ಸ್ಯಾಪಿಗೂ ಬಂದಿರಬಹುದು. ಷೇಕರ್ ಪಂಥದ ಟಬಿತಾ ಬ್ಯಾಬಿಟ್ ಅನ್ನುವ ಹೆಣ್ಣುಮಗಳು 1813ರ ಸುಮಾರಿಗೆ ತನ್ನ ರಾಟೆಯ ಚಕ್ರ ನೋಡಿ ಇದನ್ನು ಕಂಡುಹಿಡಿದಳು ಅಂತ. ಕಥೆ ಚೆನ್ನಾಗಿದೆ. ಆದರೆ ತಾರೀಖು ನೋಡಿದರೆ ಸೌತಾಂಪ್ಟನ್ ಅದಕ್ಕಿಂತ ಮೂರು ದಶಕ ಮುಂದಿದೆ.

ನಿಜವಾದ ತಿರುವು ಪೋರ್ಟ್ಸ್‌ಮತ್‌ನಲ್ಲಿ. 1800ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ನೌಕಾ ಹಡಗುಕಟ್ಟೆಯಲ್ಲಿ ರಾಟೆ ಮಾಡುವ ಕಾರ್ಖಾನೆ ಎದ್ದಿತು. ಅದರ ಹಿಂದೆ ಸ್ಯಾಮ್ಯುಯೆಲ್ ಬೆಂಥಮ್, ಯಂತ್ರಗಳ ವಿನ್ಯಾಸ ಮಾರ್ಕ್ ಬ್ರುನೆಲ್‌ರದ್ದು, ಕಟ್ಟಿಕೊಟ್ಟದ್ದು ಹೆನ್ರಿ ಮಾಡ್ಸ್‌ಲಿ. ಒಂದಾದ ಮೇಲೊಂದು ನಿಂತ ಯಂತ್ರಗಳು, ಅವುಗಳಲ್ಲಿ ಗುಂಡನೆಯ ಗರಗಸಗಳೂ ಇದ್ದವು. ಚರಿತ್ರೆಯ ಪುಸ್ತಕಗಳು ಇದನ್ನು ಹೊಗಳುವುದು ಒಂದು ಲೆಕ್ಕಕ್ಕೆ: ನುರಿತ 110 ಜನ ಮಾಡುತ್ತಿದ್ದ ಕೆಲಸವನ್ನು ಈಗ 10 ಜನ, ಅದೂ ಕಸುಬು ಕಲಿಯದವರು, ಮಾಡಬಹುದಾಯಿತು.

ನಾನು ಮೊದಲು ಓದಿದಾಗ ಇಂಜಿನಿಯರಾಗಿ ಖುಷಿಪಟ್ಟೆ. ಎರಡನೇ ಸಲ ಓದಿದಾಗ ಬೇರೆ ಏನೋ ಕಂಡಿತು. ಬೆಣೆ ಯಾವಾಗ ಹೊಡೆಯಬೇಕು, ಯಾವ ಮರ ಮುಚ್ಚಿಕೊಳ್ಳುತ್ತೆ ಅನ್ನೋ ವಿದ್ಯೆ ಇದ್ದದ್ದು ಆ ನುರಿತವರ ಕೈಯಲ್ಲಿ. ಯಂತ್ರ ಅವರ ಶ್ರಮದ ಜಾಗ ತಗೊಂಡಿತು. ಹಾಗಾದರೆ ಅವರ ಬೆಣೆಯ ಜಾಗವನ್ನೂ ಯಂತ್ರವೇ ತಗೋಬೇಕು. ತಗೊಳ್ಳದಿದ್ದರೆ ಬೆಣೆ ಯಾರ ಬಳಿಯೂ ಉಳಿಯಲ್ಲ.

ಕಾನೂನಿನೊಳಗೆ ಬಂದ ಬೆಣೆ

ಯಂತ್ರಕ್ಕೆ ಕೂರಿಸಿದ ಬೆಣೆಯ ಹೆಸರು ರೈವಿಂಗ್ ನೈಫ್. ನೈಫ್ ಅಂದರೂ ಅದರಲ್ಲಿ ಹರಿತ ಏನೂ ಇಲ್ಲ. ಬ್ಲೇಡಿನ ಹಿಂದೆ, ಅದೇ ಗೆರೆಯಲ್ಲಿ, ಬ್ಲೇಡಿನ ಬಾಗುವಿಕೆಗೆ ತಕ್ಕಂತೆ ಕತ್ತರಿಸಿದ ಒಂದು ಉಕ್ಕಿನ ತಗಡು. ದಪ್ಪ ಬ್ಲೇಡಿನ ತಟ್ಟೆಗಿಂತ ಜಾಸ್ತಿ, ಹಲ್ಲು ಮಾಡುವ ಸೀಳಿಗಿಂತ ಕಡಿಮೆ. ಹಲಗೆ ಬ್ಲೇಡು ದಾಟಿದ ಕೂಡಲೇ ಈ ತಗಡು ಸೀಳಿನೊಳಗೆ ಕೂತುಬಿಡುತ್ತೆ. ಸೀಳು ಮುಚ್ಚಿಕೊಂಡರೆ ತಗಡನ್ನು ಕಚ್ಚುತ್ತೆ, ತಿರುಗುವ ಹಲ್ಲನ್ನಲ್ಲ. ಹಲಗೆ ಓರೆಯಾಗಲು ಹೋದರೂ ತಗಡು ಅಡ್ಡ ನಿಲ್ಲುತ್ತೆ. ಎರಡೂ ಕಾರಣಗಳಿಗೆ ಒಂದೇ ಮದ್ದು.

ಬ್ರಿಟನ್ 1922ರ ಮರಗೆಲಸ ಯಂತ್ರಗಳ ನಿಯಮಗಳಲ್ಲಿ ಇದನ್ನು ಕಡ್ಡಾಯ ಮಾಡಿತು. ಕಾರ್ಖಾನೆಯ ಗುಂಡು ಗರಗಸದ ಹಿಂದೆ ರೈವಿಂಗ್ ನೈಫ್ ಇರಬೇಕು, ಗಟ್ಟಿಯಾಗಿರಬೇಕು, ಸುಲಭವಾಗಿ ಹೊಂದಿಸುವಂತಿರಬೇಕು, ಹಲ್ಲಿಗೆ ಸಾಧ್ಯವಾದಷ್ಟು ಹತ್ತಿರ ಇರಬೇಕು ಅಂತ. ನೂರು ವರ್ಷದ ಹಿಂದಿನ ಮಾತಿದು.

ನನಗೆ ನಿಜಕ್ಕೂ ಆಶ್ಚರ್ಯವಾಗಿದ್ದು ಮುಂದಿನದ್ದು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಕೆಳಗೆ ರಾಜ್ಯಗಳು ಮಾಡಿಕೊಂಡ ನಿಯಮಗಳಿವೆ. 1963ರ ಮಹಾರಾಷ್ಟ್ರ ಕಾರ್ಖಾನೆ ನಿಯಮಗಳು, 1969ರ ಕರ್ನಾಟಕ ಕಾರ್ಖಾನೆ ನಿಯಮಗಳು. ಇವುಗಳಲ್ಲಿ ಮರಗೆಲಸದ ಯಂತ್ರಗಳಿಗೆ ಅಂತಲೇ ಒಂದು ಷೆಡ್ಯೂಲ್ ಇದೆ. ತೆರೆದು ಓದಿದರೆ ಆ ಬ್ರಿಟಿಷ್ ನಿಯಮವೇ ಹೆಚ್ಚುಕಡಿಮೆ ಹಾಗೇ ಕೂತಿದೆ. ಬ್ಲೇಡಿನ ಹಿಂದೆ ರೈವಿಂಗ್ ನೈಫ್, ಮೇಲೆ ಮುಚ್ಚಳ, ತಳ್ಳಲು ಕೋಲು. ಅಂದರೆ ನಮ್ಮ ಕಾನೂನಿಗೆ ಬೆಣೆಯ ವಿಷಯ ಎಲ್ಲಾ ಗೊತ್ತು!

ಆದರೆ ಆ ಕಾಯ್ದೆಯ ಕಣ್ಣಿನಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳಲು, ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕೆಲಸಗಾರರು ಇರಬೇಕಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಆ ಸಂಖ್ಯೆ 20. ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಇದ್ದದ್ದು ಮಿಸ್ತ್ರಿ ಮತ್ತು ಅವರ ಅಳಿಯ. ಇಬ್ಬರು. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು, ಯಾವ ಊರಿನಲ್ಲಾದರೂ ಮನೆಯ ಒಳಾಂಗಣ ಕೆಲಸ ನಡೆಯೋದು ಹೀಗೇ, ಇಬ್ಬರು ಮೂವರ ತಂಡದಲ್ಲಿ. ದೊಡ್ಡ ಫ್ಯಾಕ್ಟರಿಗಳಲ್ಲಿ ಪ್ಯಾನೆಲ್ ಸಾ ಇರುತ್ತೆ. 1906ರಲ್ಲಿ ಬರ್ಲಿನ್‌ನ ವಿಲ್ಹೆಲ್ಮ್ ಆಲ್ಟೆಂಡಾರ್ಫ್ ಶುರು ಮಾಡಿದ ಮಾದರಿ ಅದು, ಹಲಗೆ ಕೂತ ಮೇಜೇ ಬ್ಲೇಡಿನ ಪಕ್ಕ ಜಾರುತ್ತೆ, ಹಲಗೆ ಓರೆಯಾಗೋದು ಕಷ್ಟ. ಅಲ್ಲಿ ನಿಯಮವೂ ಇದೆ, ಯಂತ್ರವೂ ಇದೆ. ಅಪಾಯ ಜಾಸ್ತಿ ಇರುವ ಕಡೆ ಎರಡೂ ಇಲ್ಲ.

ಅಮೆರಿಕಾದಲ್ಲಿ ಬೆಣೆ ಡ್ರಾಯರ್ ಸೇರಿದ ಕಥೆ

ಇದು ನಮ್ಮ ಬಡತನದ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಮನೆಯ ಗ್ಯಾರೇಜಿನಲ್ಲಿ ಟೇಬಲ್ ಸಾ ಇಟ್ಟುಕೊಳ್ಳುವ ಅಮೆರಿಕಾದಲ್ಲೂ ಬೆಣೆ ದಶಕಗಟ್ಟಲೆ ಕಾಣೆಯಾಗಿತ್ತು.

ಅಲ್ಲಿನ ಸಣ್ಣ ಯಂತ್ರಗಳಲ್ಲಿ ಸ್ಪ್ಲಿಟರ್ ಅನ್ನುವ ತಗಡು ಇರುತ್ತಿತ್ತು. ಅದು ಬ್ಲೇಡಿನ ಜೊತೆ ಏರಿಳಿಯುತ್ತಿರಲಿಲ್ಲ, ಮೇಲಿನ ಮುಚ್ಚಳ ಬೇರೆ ಅದಕ್ಕೇ ಅಂಟಿಕೊಂಡಿರುತ್ತಿತ್ತು. ಹಲಗೆಯಲ್ಲಿ ಪೂರ್ತಿ ಸೀಳದೆ ಗ್ರೂವ್ ಮಾತ್ರ ಹೊಡೆಯಬೇಕಾದರೆ ಇದೆಲ್ಲಾ ಅಡ್ಡ ಬರುತ್ತೆ. ಹಾಗಾಗಿ ಸ್ಪ್ಯಾನರ್ ಹಿಡಿದು ಬಿಚ್ಚಿಡೋದು. ಒಮ್ಮೆ ಬಿಚ್ಚಿದ್ದು ಡ್ರಾಯರ್ ಸೇರಿದರೆ ಮತ್ತೆ ಹೊರಗೆ ಬರೋದು ಯಂತ್ರ ಮಾರುವಾಗ. ಬ್ಲೇಡಿನ ಜೊತೆಗೇ ಏರಿಳಿಯುವ, ಬ್ಲೇಡಿನ ತುದಿಗಿಂತ ಸ್ವಲ್ಪ ಕೆಳಗೇ ಇರುವ ನಿಜವಾದ ರೈವಿಂಗ್ ನೈಫ್ ಗ್ರೂವ್ ಹೊಡೆಯುವಾಗಲೂ ಅಡ್ಡ ಬರಲ್ಲ, ಬಿಚ್ಚುವ ಕಾರಣವೇ ಇಲ್ಲ. ಅಮೆರಿಕಾದ ಮಾನಕ ಹೊಸ ವಿನ್ಯಾಸದ ಯಂತ್ರಗಳಿಗೆ ಇದನ್ನು ಕೇಳಿದ್ದು 2008ರಿಂದ. ಬ್ರಿಟನ್ನಿನ ನಿಯಮ ಬಂದು 86 ವರ್ಷ ಆದಮೇಲೆ.

ಈ ನಡುವೆ ಇನ್ನೊಬ್ಬರು ಬಂದರು. ಸ್ಟೀವ್ ಗ್ಯಾಸ್, ಭೌತಶಾಸ್ತ್ರದಲ್ಲಿ ಡಾಕ್ಟರೇಟ್, ವೃತ್ತಿಯಿಂದ ಪೇಟೆಂಟ್ ವಕೀಲ. 1999ರಲ್ಲಿ ಅವರಿಗೆ ಹೊಳೆದ ಉಪಾಯ: ಬ್ಲೇಡಿಗೆ ಸಣ್ಣ ವಿದ್ಯುತ್ ಸಂಕೇತ ಕೊಟ್ಟಿಡೋದು, ಚರ್ಮ ತಾಗಿದರೆ ಸಂಕೇತ ಬದಲಾಗುತ್ತೆ, ತಕ್ಷಣ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿನ ಹಲ್ಲಿಗೆ ಹೋಗಿ ಕಚ್ಚುತ್ತೆ. 5 ಮಿಲಿಸೆಕೆಂಡಿನೊಳಗೆ ಬ್ಲೇಡು ನಿಲ್ಲುತ್ತೆ. ಮೊದಲು ಸಾಸೇಜಿನ ಮೇಲೆ, ಆಮೇಲೆ ಸ್ವಂತ ಬೆರಳಿನ ಮೇಲೆ ಪರೀಕ್ಷೆ ಮಾಡಿ ತೋರಿಸಿದರು. ದೊಡ್ಡ ಕಂಪನಿಗಳು ಕೊಳ್ಳಲಿಲ್ಲ. ಅವರೇ ಸಾಸ್ಟಾಪ್ ಅಂತ ಕಂಪನಿ ಕಟ್ಟಿದರು, 2003ರಲ್ಲಿ ಇಂಥ ತಂತ್ರಜ್ಞಾನ ಕಡ್ಡಾಯ ಮಾಡಿ ಅಂತ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗಕ್ಕೆ ಅರ್ಜಿ ಹಾಕಿದರು. ಎದುರಾಳಿಗಳು, ಇದು ಬೆಲೆ ಏರಿಸುತ್ತೆ, ಮೇಲಾಗಿ ಪೇಟೆಂಟೆಲ್ಲಾ ಅವರದೇ ಅಂದರು. ಆ ಆಕ್ಷೇಪದಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ಮುಖ್ಯ ಪೇಟೆಂಟೊಂದನ್ನು, ನಿಯಮ ಜಾರಿಯಾದರೆ ಎಲ್ಲರಿಗೂ ಬಿಟ್ಟುಕೊಡ್ತೀವಿ ಅಂತ ಕಂಪನಿ ಹೇಳಿದ್ದು 2024ರಲ್ಲಿ.

ಆ ಆಯೋಗದ ಅಂದಾಜಿನಂತೆ 2015ರ ಒಂದೇ ವರ್ಷದಲ್ಲಿ ಟೇಬಲ್ ಸಾ ಗಾಯಗಳಿಗಾಗಿ ತುರ್ತು ಚಿಕಿತ್ಸೆಗೆ ಹೋದ ಪ್ರಕರಣ ಸುಮಾರು 33,400. ಅವುಗಳಲ್ಲಿ 30,800 ಬ್ಲೇಡ್ ತಾಗಿ ಆದದ್ದು. ಇಷ್ಟು ಜನರಿಗೂ "ಗಮನ ಬೇರೆ ಕಡೆ" ಇತ್ತೇ?

2010ರಲ್ಲಿ ಬಾಸ್ಟನ್‌ನ ನ್ಯಾಯಾಲಯವೊಂದರಲ್ಲಿ ಇದೇ ಪ್ರಶ್ನೆ ಬಂತು. ಮರದ ನೆಲಹಾಸು ಹಾಕುವ ಕೆಲಸಗಾರನೊಬ್ಬ ಕೈಗೆ ಗಾಯ ಮಾಡಿಕೊಂಡಿದ್ದ. ಯಂತ್ರಕ್ಕೆ ಗಾರ್ಡ್ ಹಾಕಿರಲಿಲ್ಲ, ತಪ್ಪು ಅವನದೇ ಅಂತ ಎದುರು ಕಡೆಯ ವಾದ. ಜ್ಯೂರಿ ಅವನ ತಪ್ಪನ್ನೂ ಕೇಳಿಸಿಕೊಂಡಿತು, ಆದರೂ ಸುರಕ್ಷಿತ ವಿನ್ಯಾಸ ಸಾಧ್ಯವಿತ್ತಲ್ಲ ಅಂತ ಯಂತ್ರ ಮಾಡಿದ ಕಂಪನಿ 15 ಲಕ್ಷ ಡಾಲರ್ ಕೊಡಬೇಕು ಅಂದಿತು. ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು.

ಒಂದು ಮಾತು ಸ್ಪಷ್ಟವಿರಲಿ. ಬ್ಲೇಡ್ ನಿಲ್ಲಿಸುವ ಈ ಬ್ರೇಕು ಬೆರಳನ್ನು ಉಳಿಸುತ್ತೆ, ಕಿಕ್‌ಬ್ಯಾಕನ್ನು ತಡೆಯಲ್ಲ. ಹಾರಿಬಂದ ಹಲಗೆ ಹೊಟ್ಟೆಗೆ ಬಡಿಯೋದು ಬಡಿಯುತ್ತೆ. ಅದಕ್ಕೆ ಬೇಕಾದದ್ದು ಅದೇ ಹಳೆಯ ಬೆಣೆ.

ಹಾಗಾದರೆ ಏನು ಮಾಡೋದು

ವಿಡಿಯೋದ ಕೆಳಗೆ ಎಷ್ಟೋ ಜನ ವಾರಾಂತ್ಯದ ಮರಗೆಲಸ ಶುರು ಮಾಡಿದ್ದೀನಿ ಅಂತ ಬರೆದಿದ್ದೀರಿ. ಹಾಗಾಗಿ ಚರಿತ್ರೆಯಿಂದ ಸ್ವಲ್ಪ ಕೆಳಗಿಳಿದು ಬರ್ತೀನಿ.

ಕೊಳ್ಳುವಾಗ ರೈವಿಂಗ್ ನೈಫ್ ಬ್ಲೇಡಿನ ಜೊತೆ ಏರಿಳಿಯುವ ಯಂತ್ರವನ್ನೇ ಕೊಳ್ಳಿ, ಬ್ಲೇಡ್ ಬದಲಿಸಿದಾಗ ತಗಡಿನ ದಪ್ಪ ಇನ್ನೂ ಹೊಂದುತ್ತಾ ನೋಡಿ. ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿರಬೇಕು. ಹಿಂಭಾಗದಲ್ಲಿ ಬ್ಲೇಡಿನ ಕಡೆಗೆ ಕೂದಲೆಳೆಯಷ್ಟೂ ಒತ್ತಿರಬಾರದು. ಫೆನ್ಸಿಗೆ ತಾಗುವ ಅಂಚು ನೇರವಾಗಿರಬೇಕು, ಟೇಬಲ್ಲಿಗೆ ತಾಗುವ ಮುಖ ಸಮತಟ್ಟಾಗಿರಬೇಕು. ಡೊಂಕು ಹಲಗೆಯನ್ನು ಮೊದಲು ನೇರ ಮಾಡಿಕೊಂಡೇ ಬನ್ನಿ. ಫೆನ್ಸೂ ಇಲ್ಲದೆ, ಅಡ್ಡ ಕತ್ತರಿಸುವ ಗೇಜೂ ಇಲ್ಲದೆ ಬರೀ ಕೈಯಲ್ಲಿ ಯಾವತ್ತೂ ತಳ್ಳಬೇಡಿ. ಎರಡನ್ನೂ ಒಟ್ಟಿಗೆ ಬಳಸಿ ತುಂಡು ಕತ್ತರಿಸೋದೂ ಬೇಡ, ಆ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಂಡು ಹಾರುತ್ತೆ.

ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಹಲಗೆ ತಾಗಿಸಿ. ಫೆನ್ಸಿಗೂ ಬ್ಲೇಡಿಗೂ ನಡುವಿನ ಭಾಗವನ್ನು ಕೊನೆಯವರೆಗೆ, ಬ್ಲೇಡು ದಾಟುವವರೆಗೆ, ತಳ್ಳುವ ಕೋಲಿನಿಂದ ತಳ್ಳಿ, ನಡುವೆ ಬಿಡಬೇಡಿ. ಬ್ಲೇಡಿನ ಗೆರೆಯಲ್ಲಿ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಚಹಾ ಹಿಡಿದು ಎದುರು ನಿಂತವರನ್ನೂ ಕಳಿಸಿ. ಬ್ಲೇಡಿನ ಆಚೆಗೆ ಕೈ ಚಾಚಿ ಹಲಗೆ ಎಳೆಯಬೇಡಿ. ತುಂಡು ತೆಗೆಯೋದು ಯಂತ್ರ ಆಫ್ ಆಗಿ ಬ್ಲೇಡ್ ನಿಂತ ಮೇಲೆ. ಗ್ಲೋವ್ಸ್, ಸಡಿಲ ತೋಳು, ಕೈಗೆ ಕಟ್ಟಿದ ದಾರ ಬೇಡ. ಶಬ್ದ ಬದಲಾದರೆ, ಹಲಗೆ ಬಿಗಿಯಾದರೆ, ಜೋರಾಗಿ ತಳ್ಳಬೇಡಿ. ಹಲಗೆಯನ್ನು ಒತ್ತಿ ಹಿಡಿದೇ ಯಂತ್ರ ಆಫ್ ಮಾಡಿ. ಅದಕ್ಕೇ ಸ್ವಿಚ್ಚು ಮೊಣಕಾಲಿಗೋ ಕೈಗೋ ಸಿಗುವ ಹಾಗಿರಬೇಕು, ಗೋಡೆಯ ಪ್ಲಗ್ಗಿನಲ್ಲಲ್ಲ.

ನಮ್ಮ ಹಾಲ್‌ನಲ್ಲಿ ನಾನೂ ಮಿಸ್ತ್ರಿಯೂ ಸೇರಿ ಒಂದು ಪ್ರಯೋಗ ಮಾಡಿದೆವು. ಡಬ್ಬದ ಮೇಲ್ಮೈಯಲ್ಲಿ, ಬ್ಲೇಡಿನ ಹಿಂದೆ ಅದೇ ಗೆರೆಯಲ್ಲಿ, ಸೀಳಿಗಿಂತ ಸ್ವಲ್ಪವೇ ತೆಳುವಾದ ಗಟ್ಟಿ ಮರದ ಚಕ್ಕೆಯೊಂದನ್ನು ಅಂಟು ಹಾಕಿ ನಿಲ್ಲಿಸಿದೆವು. ಖರ್ಚು ಏನೂ ಇಲ್ಲ, ಅರ್ಧ ಗಂಟೆ ಕೆಲಸ. ಅವರು ಎರಡು ಹಲಗೆ ಸೀಳಿ ನೋಡಿ, "ಅಚ್ಛಾ ಹೈ" ಅಂದರು. ನನಗೆ ಪ್ರಾಜೆಕ್ಟ್ ಗೆದ್ದಷ್ಟು ಖುಷಿ.

ಮೂರನೇ ದಿನ ಬಂದು ನೋಡಿದರೆ ಚಕ್ಕೆ ಇಲ್ಲ. ಕಪಾಟಿನ ಹಿಂಬದಿಯ ಪ್ಲೈ ಕೂರಿಸಲು ಗ್ರೂವ್ ಹೊಡೀಬೇಕಿತ್ತು, ಅಡ್ಡ ಬಂತು, ಅಳಿಯ ಕಿತ್ತುಹಾಕಿದ್ದ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ನಾನು ಮಾಡಿದ್ದು ಅಮೆರಿಕಾದ ಕಂಪನಿಗಳು ಮಾಡಿದ್ದ ಅದೇ ತಪ್ಪು. ಕೆಲಸಕ್ಕೆ ಅಡ್ಡ ಬರುವ ಬೆಣೆ ಕೊಟ್ಟರೆ ಕೆಲಸ ಮಾಡುವವನು ಅದನ್ನು ಕಿತ್ತೇ ಕೀಳುತ್ತಾನೆ. ಮನೆಯೊಡೆಯ ಬೇಗ ಮುಗಿಸಿ ಅಂತ ದಿನಾ ಕೇಳುತ್ತಿರುವಾಗ ಇನ್ನೂ ಬೇಗ ಕೀಳುತ್ತಾನೆ. ಆ ಮನೆಯೊಡೆಯ ನಾನೇ.

ಗ್ರೂವ್‌ಗೆ ಬೇರೆ ಮೇಲ್ಹಲಗೆ, ಸೀಳಲು ಚಕ್ಕೆ ಇರುವ ಮೇಲ್ಹಲಗೆ, ಎರಡನ್ನೂ ಎರಡು ಸ್ಕ್ರೂನಲ್ಲಿ ಬದಲಿಸುವ ಹಾಗೆ ಮಾಡಿಕೊಟ್ಟ ಮೇಲೆ ಚಕ್ಕೆ ಉಳಿಯಿತು. ನಮ್ಮ ಮನೆ ಕೆಲಸ ಮುಗಿಯುವವರೆಗಂತೂ ಉಳಿದಿತ್ತು.

ಪಂಚತಂತ್ರದ ಆ ಕಥೆಯಲ್ಲಿ ತಪ್ಪು ಕೋತಿಯದೇ ಅಂತ ನಾವೆಲ್ಲಾ ಕಲಿತಿದ್ದೀವಿ. ಬಡಗಿಗಳ ಕೈಯಲ್ಲಿ ಬೆಣೆ ಇತ್ತು, ಅದು ಯಾಕೆ ಅಂತ ಗೊತ್ತಿತ್ತು, ಆದ್ದರಿಂದ ಆ ಕಥೆಗೆ ಆ ನೀತಿ ಸರಿಯಾಗೇ ಇದೆ. ಆದರೆ ಬೆಣೆಯೇ ಇಲ್ಲದ ಯಂತ್ರವನ್ನು ಒಬ್ಬನ ಕೈಗೆ ಕೊಟ್ಟು, ಬೆರಳು ಹೋದ ಮೇಲೆ ಅವನಿಂದಲೇ "ನನ್ನದೇ ತಪ್ಪು" ಅನ್ನಿಸುವ ಕಡೆ ಆ ನೀತಿ ಹೊಂದಲ್ಲ.

ನಿಮ್ಮ ಮನೆಯಲ್ಲಿ ಮುಂದೆ ಮರಗೆಲಸ ಮಾಡಿಸುವಾಗ ಕಂಟ್ರಾಕ್ಟರಿಗೆ ಲ್ಯಾಮಿನೇಟ್ ಬಣ್ಣದ ಬಗ್ಗೆ ಹತ್ತು ಪ್ರಶ್ನೆ ಕೇಳ್ತೀರಿ. ಹನ್ನೊಂದನೆಯದು ಇದೂ ಇರಲಿ: ಬ್ಲೇಡಿನ ಹಿಂದೆ ಬೆಣೆ ಇದೆಯಾ? ಮುಂದಿನ ವಿಡಿಯೋದಲ್ಲಿ ಸಿಗೋಣ. ನಮಸ್ಕಾರ.